ಹೇರ್ ಡ್ರೆಸ್ಸಿಂಗ್‌ನಲ್ಲಿ ಮೇಲಿನ ಹಂತದ ಕೋರ್ಸ್ ಮಾಡಬೇಕೇ? ತೀರ್ಮಾನಕ್ಕೆ ಬರುವ ದಾರಿ

ಹೇರ್ ಕಟ್, ಬ್ಲೋ ಡ್ರೈ, ಬುಡಕ್ಕೆ ಬಣ್ಣ ಹಚ್ಚುವುದು, ಇವೆಲ್ಲ ಕೈಗೆ ಹತ್ತಿದ ಮೇಲೆ ಸಲೂನಿನಲ್ಲಿ ದುಡಿಯುವ ಹೆಚ್ಚಿನವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಇಲ್ಲಿಂದ ಮುಂದೆ ಇನ್ನೊಂದು ಕೋರ್ಸ್ ಮಾಡಬೇಕೇ, ಇದ್ದ ಕೆಲಸದಲ್ಲೇ ಪಳಗುತ್ತಾ ಹೋದರೆ ಸಾಕೇ? ಸಲಹೆ ಕೊಡುವವರಿಗೆ ಬರವಿಲ್ಲ. ಸರ್ಟಿಫಿಕೇಟ್ ಕೂದಲು ಕತ್ತರಿಸುವುದಿಲ್ಲ ಎನ್ನುತ್ತಾರೆ ಹಳಬರು. ಈ ವಾರವೇ ಸೇರಿಕೊಳ್ಳಿ ಎನ್ನುತ್ತದೆ ತರಬೇತಿ ಸಂಸ್ಥೆ. ನಿಮ್ಮ ಕೈ ಎಲ್ಲಿ ತಡವರಿಸುತ್ತದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.

ನನ್ನ ಮಟ್ಟಿಗೆ ಮೇಲಿನ ಹಂತದ ಅರ್ಹತೆಗೆ ಹಣ ಮತ್ತು ಸಮಯ ಸುರಿಯಲು ಗಟ್ಟಿ ಕಾರಣ ಎರಡೇ. ಆ ಕಾಗದವಿಲ್ಲದೆ ನೀವು ಮಾಡಬೇಕೆಂದಿರುವ ಕೆಲಸಕ್ಕೆ ಕಾನೂನು ಅಥವಾ ಉದ್ಯೋಗದಾತರು ಬಿಡುವುದಿಲ್ಲ ಎಂಬುದು ಒಂದು. ನಿಮಗಿನ್ನೂ ಬಾರದ, ಒಬ್ಬರೇ ಪ್ರಯೋಗ ಮಾಡಿ ಕಲಿಯಲು ಹೋದರೆ ಕಸ್ಟಮರ್ ತಲೆಗೂದಲು ಹಾಳಾಗುವಂಥ ಕೆಲಸವೊಂದನ್ನು ಕಲಿಯಬೇಕಿದೆ ಎಂಬುದು ಇನ್ನೊಂದು. ಉಳಿದ ಕಾರಣಗಳು ಸುಳ್ಳಲ್ಲ, ಆದರೆ ಅವಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿಗಳಿವೆ. ನಿಮ್ಮದು ಯಾವ ಕಾರಣ ಎಂದು ಪತ್ತೆ ಹಚ್ಚುವ ಕ್ರಮ ಇದು.

ಮೊದಲ ಹೆಜ್ಜೆ: ‘ಆಗಲ್ಲ’ ಎಂದ ಕೆಲಸಗಳನ್ನು ಬರೆದಿಡಿ

ಒಂದು ತಿಂಗಳ ಕಾಲ ನಿಮ್ಮ ಟ್ರಾಲಿಯಲ್ಲಿ ಒಂದು ಚಿಕ್ಕ ಪುಸ್ತಕ ಇರಲಿ. ಕಸ್ಟಮರ್ ಕೇಳಿದ್ದನ್ನು ನೀವು ಮಾಡದೆ ಬಿಟ್ಟಾಗ, ಬೇರೆಯವರಿಗೆ ದಾಟಿಸಿದಾಗ, ಅಥವಾ ಮಾತಿನಲ್ಲೇ ಸುಲಭದ ಕೆಲಸಕ್ಕೆ ತಿರುಗಿಸಿದಾಗ ಅಂದೇ ಅದನ್ನು ಬರೆಯಿರಿ. ಕೂದಲು ಹೇಗಿತ್ತು, ಏನು ಕೇಳಿದರು, ನೀವು ಏನು ಮಾಡಿದಿರಿ, ಇಷ್ಟು ಸಾಕು. ಮೂರನೆಯ ಬಗೆಯದ್ದನ್ನು ಬಿಡದೆ ಬರೆಯಬೇಕು. ‘ಬಾಲಯಾಜ್ ನಿಮ್ಮ ಕೂದಲಿಗೆ ಹೊಂದುವುದಿಲ್ಲ, ಗ್ಲೋಬಲ್ ಕಲರ್ ಚೆನ್ನಾಗಿರುತ್ತದೆ’ (ಬಾಲಯಾಜ್ ಎಂದರೆ ಕೈಯಿಂದಲೇ ಎಳೆಎಳೆಯಾಗಿ ತಿಳಿ ಬಣ್ಣ ಮೂಡಿಸುವುದು, ಗ್ಲೋಬಲ್ ಎಂದರೆ ಇಡೀ ತಲೆಗೆ ಒಂದೇ ಬಣ್ಣ) ಎಂದು ನಾವು ಹೇಳುವಾಗ ಎಷ್ಟೋ ಸಲ ಹೊಂದದಿರುವುದು ಕೂದಲಿಗಲ್ಲ, ನಮ್ಮ ಕೈಗೆ. ಇದನ್ನು ಬೇರೆ ಯಾರಿಗೂ ತೋರಿಸಬೇಕಾಗಿಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಬರೆಯಬಹುದು.

ತಿಂಗಳ ಕೊನೆಗೆ ಓದಿದರೆ ಬರೆದ ಸಾಲುಗಳು ತಾವಾಗಿಯೇ ಗುಂಪು ಕಟ್ಟಿಕೊಳ್ಳುತ್ತವೆ. ಕೆಲವು ನಿಮಗೆ ಗೊತ್ತೇ ಇಲ್ಲದ ಕೆಲಸ. ಕೆಲವು ಗೊತ್ತಿದ್ದರೂ ನಿಧಾನವಾಗುವ ಕೆಲಸ: ಎಳೆಗಳಿಗೆ ಬಣ್ಣ ಹಚ್ಚಿ ಫಾಯಿಲ್‌ನಲ್ಲಿ ಸುತ್ತಲು ಬೇರೆಯವರಿಗೆ ಒಂದು ಗಂಟೆಯಾದರೆ ನಿಮಗೆ ಎರಡು. ಇನ್ನು ಕೆಲವು ಸಲೂನಿನಲ್ಲಿ ನಿಮಗೆ ಬಿಟ್ಟುಕೊಡದ ಕೆಲಸ. ಹಾಗೆಯೇ ಮನಸ್ಸಿಲ್ಲದ ಕೆಲಸಗಳೂ ಇರುತ್ತವೆ.

ಇವುಗಳಲ್ಲಿ ಕೋರ್ಸ್‌ನಿಂದ ಬಗೆಹರಿಯುವುದು ಮುಖ್ಯವಾಗಿ ಮೊದಲನೆಯದು. ನಿಧಾನಕ್ಕೆ ಮದ್ದು ಅಭ್ಯಾಸ. ಡಮ್ಮಿ ತಲೆಯ ಮೇಲೆ ವಾರಕ್ಕೆ ಎರಡು ಸಂಜೆ ಸೆಕ್ಷನ್ ತೆಗೆದು, ಅಂದರೆ ಕೂದಲನ್ನು ಭಾಗಗಳಾಗಿ ವಿಂಗಡಿಸಿ ಫಾಯಿಲ್ ಹಾಕಿದರೆ, ಬರೀ ಕಂಡೀಷನರ್ ಹಚ್ಚಿ ಮಾಡಿದರೂ ಸರಿ, ಕೈ ಚುರುಕಾಗುತ್ತದೆ. ಬಿಟ್ಟುಕೊಡದ ಕೆಲಸಕ್ಕೆ ಮೊದಲು ಮಾಲೀಕರ ಜೊತೆ ಮಾತಾಡಬೇಕು. ಸರ್ಟಿಫಿಕೇಟ್ ತಂದರೂ ಅವರು ಕೊಡದಿರಬಹುದು, ತರದೆಯೇ ಕೊಡಲೂಬಹುದು. ಮನಸ್ಸಿಲ್ಲದ ಕೆಲಸಕ್ಕೆ ಕೋರ್ಸ್ ಮಾಡಿದವರು ಆಮೇಲೂ ಆ ಕೆಲಸ ಮಾಡುವುದು ಅಪರೂಪ.

ಎರಡನೆಯ ಹೆಜ್ಜೆ: ಗೊತ್ತಿದೆ ಎಂದುಕೊಂಡಿರುವುದನ್ನು ಪರೀಕ್ಷಿಸಿಕೊಳ್ಳಿ

ಮೇಲಿನ ಹಂತದ ಹೆಚ್ಚಿನ ಕೋರ್ಸ್‌ಗಳಲ್ಲಿ ತಿರುಳು ಇರುವುದು ಕಲರ್ ಕರೆಕ್ಷನ್‌ನಲ್ಲಿ, ಅಂದರೆ ಕೆಟ್ಟ ಬಣ್ಣವನ್ನು ಸರಿಪಡಿಸುವುದರಲ್ಲಿ. ಕಟಿಂಗ್ ಮತ್ತು ಅಪ್‌ಡೂಗಳನ್ನು (ಕೂದಲು ಮೇಲೆತ್ತಿ ಕಟ್ಟುವ ಶೈಲಿಗಳನ್ನು) ನೋಡಿ, ಮಾಡಿ, ತಪ್ಪಿ ಕಲಿಯಬಹುದು. ರಾಸಾಯನಿಕದ ಕೆಲಸದಲ್ಲಿ ತಪ್ಪಿದರೆ ಕೂದಲು ತುಂಡಾಗಿ ಬೇಸಿನ್ನಿಗೆ ಬೀಳುತ್ತದೆ, ನೆತ್ತಿ ಸುಡುತ್ತದೆ. ಆದ್ದರಿಂದ ನಿಮ್ಮ ಕೊರತೆ ಇಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಒಂದು ತಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯಲ್ಲೇ ಪೆಟ್ಟಿಗೆಯ ಕಪ್ಪು ಬಣ್ಣವನ್ನು ಹಲವು ಸಲ ಹಚ್ಚಿಕೊಂಡ ಉದ್ದ ಕೂದಲು. ಬುಡದಲ್ಲಿ ಎರಡು ಇಂಚು ಸಹಜ ಕೂದಲು ಬೆಳೆದಿದೆ. ಅವರಿಗೆ ಈಗ ತಿಳಿಯಾದ ಆ್ಯಶ್ ಬ್ರೌನ್, ಅಂದರೆ ಬೂದು ಛಾಯೆಯ ಕಂದು ಬೇಕು. ಒಂದು ಹಾಳೆ ತೆಗೆದುಕೊಂಡು, ಫೋನ್ ಮುಟ್ಟದೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ನೇರವಾಗಿ ಲೈಟ್ ಬ್ರೌನ್ ಟಿಂಟ್ (ಕೂದಲ ಬಣ್ಣ) ಹಚ್ಚಿದರೆ ಏಕೆ ಕೆಲಸವಾಗುವುದಿಲ್ಲ? ಬ್ಲೀಚ್ ಅನ್ನು ಬುಡದಿಂದ ತುದಿಯವರೆಗೆ ಒಟ್ಟಿಗೆ ಹಚ್ಚಿದರೆ ಮೊದಲು ಹಗುರಾಗುವುದು ಯಾವ ಭಾಗ, ಏಕೆ? ನಡುವೆ ಕಿತ್ತಳೆಗೆ ಬಂದು ನಿಂತರೆ ಅದನ್ನು ತಣಿಸುವುದು ಯಾವ ಟೋನ್? ಹಳದಿಗೆ ಬಂದರೆ? ಯಾವ ಭಾಗಕ್ಕೆ ಎಷ್ಟು ವಾಲ್ಯೂಮ್ ಡೆವಲಪರ್ (ಬಣ್ಣ ಅಥವಾ ಬ್ಲೀಚ್‌ಗೆ ಬೆರೆಸುವ ಪೆರಾಕ್ಸೈಡ್ ದ್ರವ), ಯಾವಾಗ ನಿಲ್ಲಿಸುತ್ತೀರಿ?

ಉತ್ತರಗಳು ಹೀಗಿರಬೇಕು. ಟಿಂಟ್ ಇನ್ನೊಂದು ಟಿಂಟನ್ನು ಲಿಫ್ಟ್ ಮಾಡುವುದಿಲ್ಲ (ತಿಳಿಯಾಗಿಸುವುದಿಲ್ಲ), ಕೃತಕ ಬಣ್ಣವನ್ನು ರಿಮೂವರ್ ಅಥವಾ ಬ್ಲೀಚ್‌ನಿಂದಲೇ ತೆಗೆಯಬೇಕು. ಬಣ್ಣ ಹಚ್ಚದ ಬುಡದ ಕೂದಲು ನೆತ್ತಿಯ ಬಿಸಿಗೆ ಬೇಗ ಹಗುರಾಗುತ್ತದೆ, ಹಾಗಾಗಿ ಬ್ಲೀಚ್ ಶುರುವಾಗಬೇಕಾದದ್ದು ಉದ್ದದ ಭಾಗದಿಂದ, ಬುಡ ಕೊನೆಗೆ. ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ. ಡೆವಲಪರ್‌ನ 10, 20, 30, 40 ವಾಲ್ಯೂಮ್ ಎಂದರೆ ಕ್ರಮವಾಗಿ ಶೇ 3, 6, 9, 12ರಷ್ಟು ಹೈಡ್ರೋಜನ್ ಪೆರಾಕ್ಸೈಡ್. ಅದು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಎಣಿಕೆ ಇಂಥ ದಣಿದ ಕೂದಲಿನಲ್ಲಿ ಬಹಳ ಅಪಾಯಕಾರಿ. ಎಲ್ಲಕ್ಕಿಂತ ಮೊದಲು, ಒಂದು ಎಳೆಯ ಮೇಲೆ ಸ್ಟ್ರಾಂಡ್ ಟೆಸ್ಟ್. ಬಣ್ಣದ ಅಲರ್ಜಿ ಇದೆಯೇ ಎಂದು 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್. ಒಂದೇ ಸಿಟಿಂಗ್‌ನಲ್ಲಿ ಮುಗಿಯದು ಎಂದು ಕಸ್ಟಮರ್‌ಗೆ ಮೊದಲೇ ತಿಳಿಸುವುದೂ ಉತ್ತರದ ಒಂದು ಭಾಗ.

ಇನ್ನೆರಡು ಪ್ರಶ್ನೆ. ಪೂರ್ತಿ ಬ್ಲೀಚ್ ಆದ ತಿಳಿಹಳದಿ ಕೂದಲನ್ನು ವಾಪಸ್ ಡಾರ್ಕ್ ಬ್ರೌನ್ ಮಾಡಬೇಕು. ನೇರ ಬ್ರೌನ್ ಹಚ್ಚಿದರೆ ಏನಾಗುತ್ತದೆ? ಕಳೆಗುಂದಿ ಹಸಿರು ಛಾಯೆಗೆ ತಿರುಗುತ್ತದೆ, ಬೇಗ ತೊಳೆದೂ ಹೋಗುತ್ತದೆ. ಕಳೆದುಹೋದ ಕೆಂಪು-ಕಿತ್ತಳೆ ಅಂಶವನ್ನು ಮೊದಲು ತುಂಬಿ ಆಮೇಲೆ ಬ್ರೌನ್‌ಗೆ ಹೋಗಬೇಕು. ಎರಡನೆಯದು: ಸೋಡಿಯಂ ಹೈಡ್ರಾಕ್ಸೈಡ್ ರಿಲ್ಯಾಕ್ಸರ್‌ನಿಂದ ನೇರ ಮಾಡಿಸಿಕೊಂಡ ಕೂದಲಿಗೆ ಪರ್ಮ್ (ರಾಸಾಯನಿಕದಿಂದ ಮಾಡುವ ಸುರುಳಿ) ಕೇಳುತ್ತಿದ್ದಾರೆ. ಉತ್ತರ ‘ಸಾಧ್ಯವಿಲ್ಲ’ ಎಂಬುದೇ. ಪರ್ಮ್‌ನ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ, ಕೂದಲಿಗೆ ಆಕಾರ ಮತ್ತು ಗಟ್ಟಿತನ ಕೊಡುವ ಡೈಸಲ್ಫೈಡ್ ಬಂಧಗಳನ್ನು ಬಿಚ್ಚಿ ಕೆಲಸ ಮಾಡುತ್ತದೆ. ಹೈಡ್ರಾಕ್ಸೈಡ್ ಆ ಬಂಧಗಳನ್ನು ಶಾಶ್ವತವಾಗಿ ಬೇರೆ ಬಗೆಯ ಬಂಧವಾಗಿ ಬದಲಿಸಿರುತ್ತದೆ. ಎರಡೂ ಸೇರಿದರೆ ಸುರುಳಿಯ ಬದಲು ತುಂಡು ಕೂದಲು ಕೈಗೆ ಬರುತ್ತದೆ.

ಇವಕ್ಕೆಲ್ಲ ತಡವರಿಸದೆ ಬರೆದಿರಾದರೆ ನಿಮಗೆ ಬೇಕಿರುವುದು ಪಾಠವಲ್ಲ, ಅದನ್ನು ಮಾಡುವ ಅವಕಾಶ. ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿದಿದ್ದು, ಮೊದಲ ಹೆಜ್ಜೆಯ ಪುಸ್ತಕದಲ್ಲೂ ಬಣ್ಣದ ಕೆಲಸಗಳೇ ತುಂಬಿದ್ದರೆ, ಕೋರ್ಸ್ ಮಾಡಲು ನಿಮಗೆ ನಿಜವಾದ ಕಾರಣವಿದೆ.

ಕಟಿಂಗ್ ವಿಷಯಕ್ಕೂ ಒಂದು ಮಾತು. 1960ರ ದಶಕದಲ್ಲಿ ಲಂಡನ್ನಿನಲ್ಲಿ ಹೇರ್ ಡ್ರೆಸ್ಸರ್ ವಿಡಾಲ್ ಸಸೂನ್ ರೇಖಾಗಣಿತದಂತೆ ಕರಾರುವಾಕ್ಕಾದ ಕಟ್‌ಗಳನ್ನು ತಂದ ಮೇಲೆ ಕಟಿಂಗ್ ಪಾಠ ಸೆಕ್ಷನ್, ಕೋನ, ಎಲಿವೇಷನ್ (ಕೂದಲನ್ನು ಎತ್ತಿ ಹಿಡಿಯುವ ಮಟ್ಟ) ಎಂಬ ಭಾಷೆಯಲ್ಲಿ ನಡೆಯತೊಡಗಿತು. ನೀವು ಮಾಡಿದ ಒಳ್ಳೆಯ ಲೇಯರ್ ಕಟ್ ಒಂದನ್ನು, ಎಲ್ಲಿ ಎಷ್ಟು ಡಿಗ್ರಿ ಎತ್ತಿ ಹಿಡಿದಿರಿ, ಯಾವ ಎಳೆಯನ್ನು ಉಳಿದದ್ದಕ್ಕೆ ಅಳತೆಯ ಗೈಡ್ ಆಗಿ ಇಟ್ಟುಕೊಂಡಿರಿ ಎಂದು ಜೊತೆಯ ಹುಡುಗನಿಗೆ ಬಾಯಲ್ಲಿ ಹೇಳಿಕೊಟ್ಟು ಅವನಿಂದ ಮಾಡಿಸಬಲ್ಲಿರಾ? ಅದಾಗುತ್ತದೆ ಎಂದರೆ ಕಟಿಂಗ್‌ಗೆಂದೇ ದೊಡ್ಡ ಕೋರ್ಸ್ ಬೇಕಿಲ್ಲ. ಮೂರು ನಾಲ್ಕು ದಿನದ ವರ್ಕ್‌ಶಾಪ್ ಸಾಕು.

ಮೂರನೆಯ ಹೆಜ್ಜೆ: ನೀವು ದುಡಿಯಬೇಕೆಂದಿರುವ ಕಡೆ ಕಾನೂನು ಏನು ಕೇಳುತ್ತದೆ

ಹೊರದೇಶದಲ್ಲಿ ಕೆಲಸ ಮಾಡುವ, ಅಥವಾ ಸ್ವಂತ ಸಲೂನ್ ತೆರೆಯುವ ಆಸೆ ಇದ್ದವರಿಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಈ ವೃತ್ತಿಯ ನಿಯಮಗಳು ದೇಶದಿಂದ ದೇಶಕ್ಕೆ ಅಷ್ಟು ಬೇರೆ ಬೇರೆ.

ಜರ್ಮನಿಯಲ್ಲಿ ಸ್ವತಂತ್ರವಾಗಿ ಸಲೂನ್ ನಡೆಸಲು ಸಾಮಾನ್ಯವಾಗಿ ‘ಮೈಸ್ಟರ್’ (ಕುಶಲಕರ್ಮಿಯ ಉನ್ನತ ಹಂತದ) ಅರ್ಹತೆ ಬೇಕು, ಅಥವಾ ಆ ಅರ್ಹತೆ ಇರುವವರನ್ನು ಹೊಣೆಗಾರರಾಗಿ ಇಟ್ಟುಕೊಳ್ಳಬೇಕು. ದೀರ್ಘ ಅನುಭವ ಇರುವವರಿಗೆ ಕೆಲವು ವಿನಾಯಿತಿಗಳೂ ಉಂಟು. ಮೈಸ್ಟರ್ ಪರೀಕ್ಷೆಗೆ ನಾಲ್ಕು ಭಾಗಗಳು: ಕೈಕೆಲಸ, ವೃತ್ತಿಯ ಸಿದ್ಧಾಂತ, ವ್ಯವಹಾರ ಮತ್ತು ಕಾನೂನು, ಕಲಿಯುವವರಿಗೆ ಕಲಿಸುವ ಕ್ರಮ. ಆ ದೇಶದ ಅರ್ಹತಾ ಚೌಕಟ್ಟಿನಲ್ಲಿ ಅದನ್ನು ಬ್ಯಾಚುಲರ್ ಪದವಿಯ ಹಂತದಲ್ಲೇ ಇಟ್ಟಿದ್ದಾರೆ. ಕತ್ತರಿ ಹಿಡಿಯುವ ವೃತ್ತಿಗೆ ಸಿಕ್ಕಿರುವ ಈ ಗೌರವ ನನಗೆ ತುಂಬಾ ಮೆಚ್ಚುಗೆಯಾಗುವ ಸಂಗತಿ. ಫ್ರಾನ್ಸ್‌ನಲ್ಲಿ ಮೊದಲ ಹಂತದ ಸಿಎಪಿ ಎಂಬ ವೃತ್ತಿ ಅರ್ಹತೆ ಪಡೆದವರು ಸಲೂನಿನಲ್ಲಿ ಕೆಲಸಕ್ಕೆ ಸೇರಬಹುದು. ಸಲೂನ್ ನಡೆಸುವ ಮಾತು ಬಂದರೆ ಅದರ ಮೇಲಿನ ಹಂತದ ಬ್ರವೆ ಪ್ರೊಫೆಸಿಯೊನೆಲ್ ಅಥವಾ ಅದಕ್ಕೆ ಸಮನಾದ ಅರ್ಹತೆ ಕೇಳುತ್ತಾರೆ.

ಬ್ರಿಟನ್ನಿನಲ್ಲಿ ಇದಕ್ಕೆ ತದ್ವಿರುದ್ಧ. 1964ರ ಕಾಯ್ದೆಯ ಪ್ರಕಾರ ಹೇರ್ ಡ್ರೆಸ್ಸರ್‌ಗಳ ನೋಂದಣಿ ಇದೆ, ಆದರೆ ಅದು ಐಚ್ಛಿಕ. ಸರ್ಟಿಫಿಕೇಟ್ ಇಲ್ಲದವರು ಕೆಲಸ ಮಾಡಿದರೂ ಕಾನೂನು ತಡೆಯುವುದಿಲ್ಲ. ಆದರೂ ಲೆವೆಲ್ 2 ಎಂಬ ಮೂಲ ಅರ್ಹತೆ ಇಲ್ಲದವರನ್ನು ಸ್ಟೈಲಿಸ್ಟ್ ಆಗಿ ಸೇರಿಸಿಕೊಳ್ಳಲು ಒಳ್ಳೆಯ ಸಲೂನ್‌ಗಳು ಹಿಂಜರಿಯುತ್ತವೆ. ಕಲರ್ ಕರೆಕ್ಷನ್‌ನಂಥದ್ದು ಬರುವುದು ಅದರ ಮೇಲಿನ ಲೆವೆಲ್ 3ರಲ್ಲಿ. ಆಸ್ಟ್ರೇಲಿಯಾದಲ್ಲಿ ವೃತ್ತಿಯ ಮೂಲ ಅರ್ಹತೆ ಸರ್ಟಿಫಿಕೇಟ್ 3, ಅದರ ಮೇಲಿನದು ಸರ್ಟಿಫಿಕೇಟ್ 4. ಅಮೆರಿಕದಲ್ಲಿ ರಾಜ್ಯ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಬೇಕಾದ ತರಬೇತಿ ಸಾಮಾನ್ಯವಾಗಿ ರಾಜ್ಯದಿಂದ ರಾಜ್ಯಕ್ಕೆ 1,000 ಗಂಟೆಯಿಂದ 1,500ರ ಆಚೆಗೂ ಹೋಗುತ್ತದೆ. ಅಲ್ಲಿ ಲೈಸೆನ್ಸ್ ಇಲ್ಲದ ಸ್ಟೈಲಿಸ್ಟ್ ಕೈಯಲ್ಲಿ ಎಂಥ ಅಡ್ವಾನ್ಸ್ಡ್ ಡಿಪ್ಲೊಮಾ ಇದ್ದರೂ ಅದು ಲೈಸೆನ್ಸ್‌ನ ಜಾಗ ತುಂಬುವುದಿಲ್ಲ.

ಆದ್ದರಿಂದ ‘ಅಂತಾರಾಷ್ಟ್ರೀಯ ಮಾನ್ಯತೆ’ ಎಂದು ಬ್ರೋಷರ್‌ನಲ್ಲಿ ಓದಿ ನಿರ್ಧಾರ ಮಾಡಬೇಡಿ. ಎಲ್ಲ ದೇಶಗಳೂ ಒಪ್ಪುವ ಒಂದೇ ಸರ್ಟಿಫಿಕೇಟ್ ಎಂಬುದು ಈ ವೃತ್ತಿಯಲ್ಲಿಲ್ಲ. ಹೋಗಬೇಕೆಂದಿರುವ ಜಾಗದ ಲೈಸೆನ್ಸ್ ಮಂಡಳಿ ಅಥವಾ ಅರ್ಹತಾ ಪ್ರಾಧಿಕಾರದ ಪಟ್ಟಿಯಲ್ಲಿ ಈ ಕೋರ್ಸ್‌ನ ಹೆಸರು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅವರಿಗೇ ಬರೆದು ಕೇಳಿ, ಉತ್ತರ ಬರುವವರೆಗೆ ಮುಂಗಡ ಕಟ್ಟಬೇಡಿ.

ನಾಲ್ಕನೆಯ ಹೆಜ್ಜೆ: ‘ಅಡ್ವಾನ್ಸ್ಡ್’ ಎಂಬ ಹೆಸರಿನಡಿ ಏನೇನಿದೆ ಎಂದು ಬೇರ್ಪಡಿಸಿ

ಒಂದೇ ಹೆಸರಿನಲ್ಲಿ ಮೂರು ಬೇರೆ ಸರಕು ಮಾರಾಟವಾಗುತ್ತವೆ. ಮೊದಲನೆಯದು ಸರ್ಕಾರದ ಚೌಕಟ್ಟಿನೊಳಗಿನ ಅರ್ಹತೆ. ಇದರಲ್ಲಿ ಹೊರಗಿನ ಮಾನದಂಡದಂತೆ ಮೌಲ್ಯಮಾಪನ ನಡೆಯುತ್ತದೆ, ಪಾಸಾಗದಿರುವ ಸಾಧ್ಯತೆಯೂ ಇರುತ್ತದೆ. ಕಾನೂನಿನ ಬಾಗಿಲು ತೆರೆಯುವುದು ಇದರಿಂದ. ಎರಡನೆಯದು ಅಕಾಡೆಮಿಗಳ ಕೋರ್ಸ್. ಕೆಲವೇ ದಿನ, ಕೆಲವೇ ವಾರ. ಒಂದು ಶೈಲಿಯನ್ನು ಆಳವಾಗಿ ಕಲಿಸುತ್ತಾರೆ. ಕೊನೆಗೆ ಸಿಗುವ ಕಾಗದದ ತೂಕ ಆ ಅಕಾಡೆಮಿಯ ಹೆಸರಿನಷ್ಟೇ. ಮೂರನೆಯದು ಬಣ್ಣ, ಶಾಂಪೂ ಕಂಪನಿಗಳ ತರಬೇತಿ. ಇದು ಅಗ್ಗ, ಕೆಲವೊಮ್ಮೆ ಉಚಿತ, ಮತ್ತು ನಿಜವಾಗಿಯೂ ಉಪಯುಕ್ತ. ಆದರೆ ಆ ಕಂಪನಿಯ ಶೇಡ್ ನಂಬರ್, ಅದರದೇ ಮಿಕ್ಸಿಂಗ್ ಪ್ರಮಾಣದ ಸುತ್ತ ಸುತ್ತುತ್ತದೆ. ಸಲೂನ್ ಬೇರೆ ಬ್ರ್ಯಾಂಡಿಗೆ ಬದಲಾದ ದಿನ ಅರ್ಧ ಪಾಠ ಮತ್ತೆ ಕಲಿಯಬೇಕಾಗುತ್ತದೆ.

ಯಾವುದೂ ಕೀಳಲ್ಲ. ನಿಮ್ಮ ಕಾರಣ ಕಾನೂನಿನದಾದರೆ ಮೊದಲನೆಯದು ಮಾತ್ರ ಉಪಯೋಗ. ಕಾರಣ ಕೌಶಲದ್ದಾದರೆ ಮೂರರಲ್ಲಿ ಯಾವುದೂ ಆದೀತು, ಮತ್ತು ಆಗ ಕಂಪನಿಯ ತರಬೇತಿಯಿಂದಲೇ ಶುರು ಮಾಡುವುದು ಜಾಣತನ.

ಹಲವು ವರ್ಷ ದುಡಿದವರು ಇನ್ನೊಂದು ವಿಷಯ ವಿಚಾರಿಸಲೇಬೇಕು. ಅನುಭವದಿಂದ ಈಗಾಗಲೇ ಕಲಿತದ್ದಕ್ಕೆ ಮಾನ್ಯತೆ ಕೊಡುವ ವ್ಯವಸ್ಥೆ ಅನೇಕ ದೇಶಗಳಲ್ಲಿದೆ. ನೀವು ಮಾಡಿದ ಕೆಲಸದ ಫೋಟೊ, ಮಾಲೀಕರ ಪತ್ರ, ಕಲರ್ ಕಾರ್ಡ್‌ಗಳು (ಹಚ್ಚಿದ ಬಣ್ಣದ ದಾಖಲೆ), ಜೊತೆಗೆ ಮೌಲ್ಯಮಾಪಕರ ಎದುರು ಪ್ರಾತ್ಯಕ್ಷಿಕೆ, ಇವುಗಳ ಆಧಾರದಲ್ಲಿ ಪೂರ್ತಿ ಅಥವಾ ಭಾಗಶಃ ಅರ್ಹತೆ ಕೊಡುತ್ತಾರೆ. ಗೊತ್ತಿರುವುದನ್ನೇ ಮತ್ತೆ ತಿಂಗಳುಗಟ್ಟಲೆ ಕೂತು ಕಲಿಯಬೇಕಿಲ್ಲ. ಸಂಸ್ಥೆಗಳು ಈ ದಾರಿಯನ್ನು ತಾವಾಗಿ ಹೇಳುವುದು ಕಡಿಮೆ. ನೀವೇ ಕೇಳಬೇಕು. ಕೋರ್ಸ್ ಮಾಡುವ ಯೋಚನೆ ಇರಲಿ ಬಿಡಲಿ, ಪ್ರತಿ ದೊಡ್ಡ ಕೆಲಸದ ಮೊದಲಿನ ಮತ್ತು ನಂತರದ ಫೋಟೊ, ಬಳಸಿದ ಫಾರ್ಮುಲಾ, ಇಟ್ಟ ಸಮಯ, ಇಷ್ಟನ್ನು ಇಂದಿನಿಂದಲೇ ದಾಖಲಿಸಿಡಿ. ಫೋಟೊ ತೆಗೆಯುವ ಮುಂಚೆ ಕಸ್ಟಮರ್ ಒಪ್ಪಿಗೆ ಕೇಳಿ.

ಐದನೆಯ ಹೆಜ್ಜೆ: ಸಂಸ್ಥೆಗೆ ಹೋಗಿ ಕಣ್ಣಾರೆ ನೋಡಿ

ಫೋನಿನಲ್ಲಿ ವಿಚಾರಿಸಿದರೆ ಎಲ್ಲ ಸಂಸ್ಥೆಗಳೂ ಒಂದೇ ಥರ ಮಾತಾಡುತ್ತವೆ. ಪ್ರಾಯೋಗಿಕ ತರಗತಿ ನಡೆಯುವ ದಿನ ಹೋಗಿ ಒಂದು ಗಂಟೆ ಕೂರಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಅದನ್ನೇ ಒಂದು ಉತ್ತರ ಎಂದುಕೊಳ್ಳಿ.

ಕೂತಾಗ ನೋಡಬೇಕಾದದ್ದು ಗೋಡೆಯ ಮೇಲಿನ ಫೋಟೊಗಳನ್ನಲ್ಲ. ವಿದ್ಯಾರ್ಥಿಗಳ ಕೈಯಲ್ಲಿರುವುದು ಡಮ್ಮಿ ತಲೆಯೇ, ಜೀವಂತ ಮಾಡೆಲ್‌ಗಳೇ? ಡಮ್ಮಿಯ ಕೂದಲಿಗೆ ನೆತ್ತಿಯ ಬಿಸಿ ಇಲ್ಲ, ಹಳೆಯ ಬಣ್ಣದ ಪದರಗಳಿಲ್ಲ, ಅಳುವ ಕಸ್ಟಮರ್ ಇಲ್ಲ. ಕಲರ್ ಕರೆಕ್ಷನ್ ಅನ್ನು ಡಮ್ಮಿಯ ಮೇಲಷ್ಟೇ ಕಲಿಸುವ ಕೋರ್ಸ್‌ಗೆ ನಾನಂತೂ ಹಣ ಕಟ್ಟುವುದಿಲ್ಲ. ವಿದ್ಯಾರ್ಥಿಯ ಕೈ ತಪ್ಪಿದಾಗ ಶಿಕ್ಷಕರು ಏನು ಮಾಡುತ್ತಾರೆ ಎಂದೂ ಗಮನಿಸಿ. ಬಾಚಣಿಗೆ ಕಿತ್ತುಕೊಂಡು ತಾವೇ ಮುಗಿಸುತ್ತಾರೋ, ಎಲ್ಲಿ ತಪ್ಪಿತು ಎಂದು ಅವರಿಂದಲೇ ಹೇಳಿಸಿ ತಿದ್ದಿಸುತ್ತಾರೋ? ಬ್ಲೀಚ್ ಬೆರೆಸುವಾಗ ತೂಕದ ಯಂತ್ರ ಬಳಸುತ್ತಾರೋ, ಕಣ್ಣಂದಾಜಿನಲ್ಲಿ ಸುರಿಯುತ್ತಾರೋ? ಗ್ಲೌಸ್ ಹಾಕಿದ್ದಾರೋ?

ಆಮೇಲೆ ಆಫೀಸಿನಲ್ಲಿ ಕೇಳುವ ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿಗೆ ಕೋರ್ಸ್ ಮುಗಿಯುವುದರೊಳಗೆ ಎಷ್ಟು ಜೀವಂತ ಮಾಡೆಲ್ ಸಿಗುತ್ತಾರೆ, ಅವರನ್ನು ತರುವವರು ಯಾರು? ಮೌಲ್ಯಮಾಪನ ಮಾಡುವವರು ಹೊರಗಿನವರೋ, ಇಲ್ಲಿಯವರೋ? ಪಾಸಾಗದವರು ಏನು ಮಾಡಬೇಕು, ಮರುಪರೀಕ್ಷೆಗೆ ಬೇರೆ ಶುಲ್ಕವಿದೆಯೇ? ಕಲಿಸುವವರು ಈಗಲೂ ಸಲೂನಿನಲ್ಲಿ ಕೆಲಸ ಮಾಡುತ್ತಾರೆಯೇ? ಕಳೆದ ವರ್ಷ ಮುಗಿಸಿದ ಇಬ್ಬರ ಜೊತೆ ಮಾತಾಡಿಸುತ್ತೀರಾ? ಆ ಇಬ್ಬರು ಸಿಕ್ಕರೆ ಕೋರ್ಸ್ ಚೆನ್ನಾಗಿತ್ತೇ ಎಂದು ಕೇಳುವುದರಲ್ಲಿ ಪ್ರಯೋಜನವಿಲ್ಲ. ಆಗ ಬಾರದಿದ್ದ ಯಾವ ಕೆಲಸವನ್ನು ಈಗ ವಾರವಾರವೂ ಮಾಡುತ್ತಿದ್ದೀರಿ ಎಂದು ಕೇಳಿ.

ಆರನೆಯ ಹೆಜ್ಜೆ: ಲೆಕ್ಕ

ಶುಲ್ಕವೊಂದೇ ಖರ್ಚಲ್ಲ. ಕಿಟ್, ಅಭ್ಯಾಸಕ್ಕೆ ಸುರಿಯುವ ಬಣ್ಣ ಮತ್ತು ಬ್ಲೀಚ್, ಓಡಾಟ, ಪರೀಕ್ಷಾ ಶುಲ್ಕ ಸೇರಿಸಿ. ಇವೆಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ತರಗತಿಯ ದಿನಗಳಲ್ಲಿ ಕೈತಪ್ಪುವ ದುಡಿಮೆಯನ್ನು. ವಾರಾಂತ್ಯದ ಬ್ಯಾಚ್ ಅನುಕೂಲ ಎನಿಸುತ್ತದೆ, ಆದರೆ ಹೆಚ್ಚಿನ ಸಲೂನ್‌ಗಳಲ್ಲಿ ಗಳಿಕೆಯಾಗುವುದೇ ವಾರಾಂತ್ಯದಲ್ಲಿ.

ಇನ್ನೊಂದು ಕಡೆ, ಮೊದಲ ಹೆಜ್ಜೆಯ ಪುಸ್ತಕ ತೆರೆಯಿರಿ. ಆ ತಿಂಗಳು ನೀವು ಬಿಟ್ಟುಕೊಟ್ಟ ಕೆಲಸಗಳಲ್ಲಿ ಈ ಕೋರ್ಸ್ ಕಲಿಸುವಂಥವು ಎಷ್ಟು? ಒಂದೊಂದರಿಂದ ಸಾಮಗ್ರಿಯ ಖರ್ಚು ಮತ್ತು ಸಲೂನಿನ ಪಾಲು ಕಳೆದು ನಿಮ್ಮ ಕೈಗೆ ಎಷ್ಟು ಬರುತ್ತಿತ್ತು? ಅದರಿಂದ, ಅಷ್ಟೇ ಹೊತ್ತಿನಲ್ಲಿ ನೀವು ಮಾಮೂಲಿ ಕಟ್‌ಗಳಿಂದ ಗಳಿಸುತ್ತಿದ್ದುದನ್ನೂ ಕಳೆಯಿರಿ. ಉದ್ದ ಕೂದಲಿನ ಕಲರ್ ಕರೆಕ್ಷನ್ ಇಡೀ ದಿನ ತಿಂದುಹಾಕಬಹುದು. ದೊಡ್ಡ ಬಿಲ್ ಕಂಡರೂ ಗಂಟೆಯ ಲೆಕ್ಕದಲ್ಲಿ ಎಷ್ಟೋ ಸಲ ಕಟಿಂಗ್‌ಗಿಂತ ಕಡಿಮೆ ಉಳಿಯುತ್ತದೆ. ಕೊನೆಗೆ ತಿಂಗಳಿಗೆ ಒಟ್ಟು ಉಳಿದ ಮೊತ್ತದಿಂದ ಒಟ್ಟು ಖರ್ಚನ್ನು ಭಾಗಿಸಿದರೆ ಎಷ್ಟು ತಿಂಗಳಿಗೆ ಹಣ ವಾಪಸ್ ಎಂದು ಗೊತ್ತಾಗುತ್ತದೆ. ಒಂದೂವರೆ ವರ್ಷದೊಳಗಾದರೆ ನಾನು ಸಾಲ ಮಾಡಿಯಾದರೂ ಸೇರಿಕೊಳ್ಳಿ ಎನ್ನುತ್ತೇನೆ. ಮೂರು ವರ್ಷ ದಾಟಿದರೆ ಹಣದ ಕಾರಣಕ್ಕೆ ಈ ಕೋರ್ಸ್ ಬೇಡ. ಬೇರೆ ಕಾರಣ ಇದ್ದರೆ ಅದನ್ನು ಬೇರೆಯಾಗಿಯೇ ತೂಗಿ ನೋಡಿ.

ಪುಸ್ತಕದಲ್ಲಿ ಅಂಥ ಕೆಲಸ ತಿಂಗಳಿಗೆ ಒಂದೋ ಎರಡೋ ಇದ್ದರೆ, ಕೋರ್ಸ್ ಮುಗಿಸಿದ ಮೇಲೂ ಅಷ್ಟೇ ಬರುತ್ತವೆ ಎಂದು ಎಣಿಸಿಕೊಳ್ಳಿ. ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಕಸ್ಟಮರ್ ಹೆಚ್ಚಾಗುವುದಿಲ್ಲ. ತಿಂಗಳಿಗೆ ಒಂದೇ ಸಲ ಮಾಡುವ ಬಾಲಯಾಜ್‌ನಲ್ಲಿ ಕೈ ಮತ್ತೆ ತುಕ್ಕು ಹಿಡಿಯುತ್ತದೆ.

ಏಳನೆಯ ಹೆಜ್ಜೆ: ಮೈಯ ಮಾತನ್ನೂ ಕೇಳಿ

ನೀರಿನಲ್ಲೇ ಇರುವ ಕೈ, ಶಾಂಪೂ, ಪೆರಾಕ್ಸೈಡ್, ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಇವುಗಳಿಂದ ಹೇರ್ ಡ್ರೆಸ್ಸರ್‌ಗಳಲ್ಲಿ ಕೈಯ ಚರ್ಮದ ಉರಿಯೂತ ಬಹಳ ಸಾಮಾನ್ಯ. ಬೆರಳ ಸಂದುಗಳಲ್ಲಿ ಒಣಗಿ ಸಿಪ್ಪೆ ಏಳುವುದರಿಂದ ಶುರುವಾಗುತ್ತದೆ. ಒಮ್ಮೆ ಪಿಪಿಡಿ ಅಲರ್ಜಿ ಆಯಿತೆಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಈಗಾಗಲೇ ಆ ಲಕ್ಷಣ ಇದ್ದವರು ಕಲರ್ ಸ್ಪೆಷಲಿಸ್ಟ್ ಆಗುವ ಕೋರ್ಸ್‌ಗೆ ಸೇರುವ ಮೊದಲು ಚರ್ಮದ ವೈದ್ಯರನ್ನು ಕಾಣಲೇಬೇಕು. ಕೂದಲು ನೇರ ಮಾಡುವ ಕೆಲವು ಟ್ರೀಟ್‌ಮೆಂಟ್‌ಗಳಲ್ಲಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಮ್ಮುತ್ತದೆ. ಅದನ್ನು ಕಲಿಸುವ ಕೋರ್ಸ್‌ನಲ್ಲಿ ಗಾಳಿ ಹೊರಹೋಗುವ ವ್ಯವಸ್ಥೆ ಹೇಗಿದೆ ಎಂದು ನೋಡಿ.

ಭುಜ, ಮಣಿಕಟ್ಟು, ಸೊಂಟ ನೋಯಲು ಶುರುವಾದವರಿಗೆ ಬೇರೆಯದೇ ಯೋಚನೆ ಬೇಕು. ದಿನವಿಡೀ ನಿಂತು ಕೈ ಎತ್ತಿ ಕೆಲಸ ಮಾಡುವುದು ಇನ್ನೆಷ್ಟು ವರ್ಷ ಸಾಧ್ಯ? ಕಲಿಸುವ, ಮೌಲ್ಯಮಾಪನ ಮಾಡುವ, ಸಲೂನ್ ನಿರ್ವಹಿಸುವ ಅರ್ಹತೆಗಳು ಇಂಥವರಿಗೆ ನಿಜಕ್ಕೂ ಬೆಲೆಬಾಳುತ್ತವೆ. ನೋವು ಜೋರಾದ ಮೇಲೆ ಓದಲು ಕೂರುವುದಕ್ಕಿಂತ ಮೊದಲೇ ಮುಗಿಸಿಟ್ಟುಕೊಳ್ಳುವುದು ಲೇಸು.

ತೀರ್ಮಾನವಾದ ಮೇಲೆ

ಬೇಡ ಎಂದಾದರೆ ಸುಮ್ಮನೆ ಬಿಡಬೇಡಿ. ಪುಸ್ತಕದಲ್ಲಿ ಹೆಚ್ಚು ಸಲ ಬಂದ ಒಂದೇ ಒಂದು ಕೆಲಸ ಆರಿಸಿ. ಅದನ್ನು ಚೆನ್ನಾಗಿ ಮಾಡುವ ಹಿರಿಯರ ಪಕ್ಕದಲ್ಲಿ ಸಹಾಯಕರಾಗಿ ನಿಲ್ಲಲು ರಜೆಯ ದಿನಗಳನ್ನು ಕೊಡಿ, ಬಣ್ಣದ ಕಂಪನಿಯ ತರಬೇತಿಗೆ ಹೆಸರು ಬರೆಸಿ. ಆರು ತಿಂಗಳ ಬಳಿಕ ಎರಡನೆಯ ಹೆಜ್ಜೆಯ ಪ್ರಶ್ನೆಗಳನ್ನು ಇನ್ನೊಮ್ಮೆ ಬರೆದು ನೋಡಿ.

ಹೌದು ಎಂದಾದರೆ ಶುಲ್ಕ ಕಟ್ಟುವ ಮೊದಲು ಮಾಲೀಕರ ಬಳಿ ಕೂತು ಮಾತಾಡಿ. ಮುಗಿಸಿದ ಮೇಲೆ ಯಾವ ಕೆಲಸ ನಿಮಗೆ ಕೊಡುತ್ತಾರೆ, ಕಮಿಷನ್ ಎಷ್ಟು ಬದಲಾಗುತ್ತದೆ, ತರಗತಿಯ ದಿನ ಬಿಡುವು ಇದೆಯೇ ಎಂದು ಕೇಳಿ. ಶುಲ್ಕದಲ್ಲಿ ಪಾಲು ಕೊಡುತ್ತೇವೆ ಎಂದು ಅವರೇ ಹೇಳಬಹುದು. ಆಗ ಸಾಮಾನ್ಯವಾಗಿ ಇಂತಿಷ್ಟು ಕಾಲ ಇಲ್ಲೇ ಇರಬೇಕೆಂಬ ಷರತ್ತು ಬರುತ್ತದೆ. ಅದರಲ್ಲಿ ತಪ್ಪಿಲ್ಲ. ಎಷ್ಟು ಕಾಲ, ನಡುವೆ ಬಿಟ್ಟರೆ ಪೂರ್ತಿ ಹಣ ವಾಪಸ್ ಕೊಡಬೇಕೋ ಅಥವಾ ದುಡಿದ ಅವಧಿಗೆ ತಕ್ಕಂತೆ ಕಡಿತವಾಗುತ್ತದೋ, ಅವರೇ ನಿಮ್ಮನ್ನು ಕೆಲಸದಿಂದ ತೆಗೆದರೆ ಏನು, ಸರ್ಟಿಫಿಕೇಟ್‌ನ ಮೂಲಪ್ರತಿ ಯಾರ ಬಳಿ ಇರುತ್ತದೆ, ಈ ನಾಲ್ಕನ್ನು ಬರಹದಲ್ಲಿ ಪಡೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ.